43 ಡಿಗ್ರಿ ಅಂದರೆ ‘ಹೀಟ್‌ವೇವ್’ ಅಲ್ಲವಂತೆ!

ಯುಗಾದಿ ದಾಟಿತೆಂದರೆ ಕಲಬುರಗಿ, ರಾಯಚೂರು, ಯಾದಗಿರಿ ಕಡೆಯ ಸುದ್ದಿಯಲ್ಲಿ ದಿನಾ ಒಂದು ಅಂಕಿ ಓಡುತ್ತಿರುತ್ತದೆ. 41, 42, 43. ಜನ ಅದನ್ನು ಕ್ರಿಕೆಟ್ ಸ್ಕೋರ್ ನೋಡಿದಂತೆ ನೋಡಿ, ‘ಇವತ್ ಭಾಳ ಐತಿ ನೋಡ್ರಿ’ ಅಂದು ಟುವಾಲು ತಲೆಗೆ ಸುತ್ತಿಕೊಂಡು ಹೊರಡುತ್ತಾರೆ. ಹವಾಮಾನ ಇಲಾಖೆ ಅಲರ್ಟ್ ಕೊಟ್ಟಿಲ್ಲ ಅಂದರೆ ಹೆದರುವಂಥದ್ದೇನೂ ಇಲ್ಲ ಎಂಬ ಲೆಕ್ಕ. ಈ ಲೆಕ್ಕವೇ ತಪ್ಪು.

ಇಲಾಖೆಯ ನಿಯಮ ನೋಡಿ. ಬಯಲುಸೀಮೆಯ ಊರಲ್ಲಿ ಗರಿಷ್ಠ ಉಷ್ಣಾಂಶ ಕಡೇಪಕ್ಷ 40 ಡಿಗ್ರಿ ಮುಟ್ಟಿರಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಆಗ ಅದು ಬಿಸಿಗಾಳಿ, ಅಂದರೆ ಹೀಟ್‌ವೇವ್. ವಾಡಿಕೆಗಿಂತ 6.4 ಡಿಗ್ರಿಗೂ ಮೇಲೆ ಹೋದರೆ ತೀವ್ರ ಬಿಸಿಗಾಳಿ. ಇಲ್ಲವೇ ವಾಡಿಕೆ ಏನೇ ಇರಲಿ, 45 ಮುಟ್ಟಿದರೆ ಬಿಸಿಗಾಳಿ, 47 ಮುಟ್ಟಿದರೆ ತೀವ್ರ. ಅದೂ ಒಂದೇ ಊರಿನಲ್ಲಿ ಒಂದು ದಿನ ಆದರೆ ಸಾಲದು. ಹವಾಮಾನ ಉಪವಿಭಾಗದ ಎರಡು ಕೇಂದ್ರಗಳಲ್ಲಿ ಎರಡು ದಿನ ಹೀಗಿದ್ದರೆ ಎರಡನೇ ದಿನ ಘೋಷಣೆ. ಮೇ ತಿಂಗಳಲ್ಲಿ ಕಲಬುರಗಿಯ ವಾಡಿಕೆಯೇ 40ರ ಆಸುಪಾಸು. ಅಂದಮೇಲೆ 43 ಡಿಗ್ರಿ ಹತ್ತು ದಿನ ಬಿಡದೆ ಸುಟ್ಟರೂ ಕಾಗದದ ಮೇಲೆ ಅದು ಬಿಸಿಗಾಳಿ ಅಲ್ಲ. ಕರಾವಳಿಗೆ ಬೇರೆ ಅಳತೆ: 37 ಮುಟ್ಟಿ, ವಾಡಿಕೆಗಿಂತ 4.5 ಹೆಚ್ಚಿದ್ದರೆ ಸಾಕು.

ನಿಯಮದಲ್ಲಿ ತಪ್ಪು ಹುಡುಕುತ್ತಿಲ್ಲ. ಅದು ಹವೆಯನ್ನು ಅಳೆಯುವ ನಿಯಮ, ಮನುಷ್ಯನ ಮೈಯನ್ನು ಅಳೆಯುವುದಲ್ಲ. ಆ 43 ಕೂಡ ನೆಲದಿಂದ ಎದೆಯೆತ್ತರದಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆರಳಲ್ಲಿ ಅಳೆದ 43. ಶಹಾಬಾದ್ ಕಡೆಯ ಫರ್ಸಿ ಖಣಿಯೊಳಗೆ ಇಳಿದವನಿಗೆ ಗಾಳಿ ಇಲ್ಲ, ನಾಲ್ಕೂ ಕಡೆಯ ಕಲ್ಲು ಬಿಸಿಲನ್ನು ಮುಖಕ್ಕೆ ತಿರುಗಿಸಿ ಎಸೆಯುತ್ತಿರುತ್ತದೆ. ಇಟ್ಟಂಗಿ ಭಟ್ಟಿಯಲ್ಲಿ ಬಿಸಿಲಿನ ಜೊತೆ ಬೆಂಕಿ. ಎರೆಭೂಮಿಯಲ್ಲಿ ಕಪ್ಪು ನೆಲ ಕೆಳಗಿಂದ ಕಾಯುತ್ತದೆ. ಅಂಕಿ ಒಂದೇ, ಬವಣೆ ಬೇರೆ ಬೇರೆ.

ಮೈಯ ಲೆಕ್ಕ ಸರಳವಿದೆ. ಸುಮ್ಮನೆ ಕೂತವರ ಮೈಯೇ ಒಂದು ಹಳೇ ಕಾಲದ ಬುರುಡೆ ಬಲ್ಬಿನಷ್ಟು, ಸುಮಾರು 100 ವ್ಯಾಟ್, ಬಿಸಿ ಹುಟ್ಟಿಸುತ್ತದೆ. ಗುದ್ದಲಿ ಹಿಡಿದರೆ ಅದು ನಾಲ್ಕೈದು ಪಟ್ಟು. ಈ ಬಿಸಿ ಹೊರಗೆ ಹೋಗಬೇಕು. ಹೊರಗಿನ ಗಾಳಿ ಚರ್ಮಕ್ಕಿಂತ ತಣ್ಣಗಿದ್ದರೆ ಅದೇ ಎಳೆದುಕೊಳ್ಳುತ್ತದೆ. ಚರ್ಮ 35 ಡಿಗ್ರಿಯ ಹತ್ತಿರ ಇರುತ್ತದಾದ್ದರಿಂದ ಗಾಳಿ 40 ದಾಟಿದ ಮೇಲೆ ಆ ದಾರಿ ಬಂದ್, ಗಾಳಿಯೇ ಮೈಗೆ ಬಿಸಿ ತುಂಬುತ್ತದೆ. ಉಳಿಯುವುದು ಬೆವರೊಂದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊ ಕ್ಯಾಲರಿ ಬಿಸಿಯನ್ನು ಹೊತ್ತೊಯ್ಯುತ್ತದೆ. ಆವಿಯಾಗಬೇಕು ಅನ್ನುವುದು ಮುಖ್ಯ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ನಯಾಪೈಸೆ ಉಪಯೋಗವಿಲ್ಲ.

ಇದೇ ಕಾರಣಕ್ಕೆ ಮಂಗಳೂರಿನ ಸೆಕೆಯೂ ಕಲಬುರಗಿಯ ಝಳವೂ ಬೇರೆ ಬೇರೆ ರೀತಿಯಲ್ಲಿ ಕಾಡುತ್ತವೆ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಬರುವ ಅಂಕಿಗೆ ‘ವೆಟ್ ಬಲ್ಬ್’ ಉಷ್ಣಾಂಶ ಅನ್ನುತ್ತಾರೆ. ಬೆವರು ಒಣಗಿ ಮೈ ಎಷ್ಟರಮಟ್ಟಿಗೆ ತಣ್ಣಗಾಗಬಹುದು ಎಂಬುದರ ಅಂದಾಜು ಅದು. ಮಂಗಳೂರಲ್ಲಿ 34 ಡಿಗ್ರಿ, ಗಾಳಿಯ ತೇವ ಶೇ 75 ಇದ್ದರೆ ವೆಟ್ ಬಲ್ಬ್ 30 ಬರುತ್ತದೆ. ಕಲಬುರಗಿಯಲ್ಲಿ 42 ಡಿಗ್ರಿ, ತೇವ ಶೇ 20 ಇದ್ದರೆ ಬರೀ 24. ಈ ವೆಟ್ ಬಲ್ಬ್ 35 ಮುಟ್ಟಿದರೆ ನೆರಳಲ್ಲಿ ಕೂತ ಗಟ್ಟಿಮುಟ್ಟಾದ ಆಳೂ ಕೆಲವು ಗಂಟೆಗಿಂತ ಹೆಚ್ಚು ತಾಳಲಾರ ಎಂಬುದು ಬಹುಕಾಲದ ಲೆಕ್ಕ. ಜನರನ್ನೇ ಕೋಣೆಯಲ್ಲಿಟ್ಟು, ಹಗುರ ಕೆಲಸ ಮಾಡಿಸಿ ಅಮೆರಿಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ತೇವದ ಹವೆಯಲ್ಲಿ, ಈ ಮಿತಿ 31ರ ಸುಮಾರಿಗೇ ಬಂದು ನಿಂತಿತು. ಅಂದರೆ ಕರಾವಳಿಯವರು ಸುದ್ದಿಯಲ್ಲಿ ಬರುವ ಅಂಕಿ 34 ಇದ್ದಾಗಲೇ ಅಂಚಿನ ಹತ್ತಿರ ಇರುತ್ತಾರೆ.

ಹಾಗಾದರೆ ಕಲಬುರಗಿಯವರು ಸುಖಿಗಳೇ? ಅಲ್ಲ. ಇಲ್ಲಿ ಬೆವರು ಒಣಗುತ್ತದೆ, ಅದೂ ಎಷ್ಟು ಬೇಗ ಅಂದರೆ ಬೆವರಿದ್ದೇ ಗೊತ್ತಾಗುವುದಿಲ್ಲ. ಅಂಗಿ ಒಣಗಿಯೇ ಇರುತ್ತದೆ, ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ ಮಾತ್ರ ಮೂಡಿರುತ್ತದೆ. ಗಂಟೆಗೆ ಒಂದು ಲೀಟರ್, ಒಂದೂವರೆ ಲೀಟರ್ ನೀರು ಮೈಯಿಂದ ಹೋಗಿರುತ್ತದೆ. ಕರಾವಳಿಯವರನ್ನು ಗಾಳಿ ಸೋಲಿಸಿದರೆ ಇಲ್ಲಿಯವರನ್ನು ನೀರು ಸೋಲಿಸುತ್ತದೆ. ನೀರಿದ್ದು, ನೆರಳಿದ್ದು, ಹೊತ್ತು ಸಿಕ್ಕರೆ ಒಣ ಹವೆಯಲ್ಲಿ ಮೈ ತಣಿಸುವುದು ಸುಲಭ. ಈ ಮೂರರಲ್ಲಿ ಒಂದು ತಪ್ಪಿದವರೇ ಆಸ್ಪತ್ರೆಗೆ ಬರುತ್ತಾರೆ.

ನೀರಿನ ವಿಷಯಕ್ಕೆ ಬಂದರೆ, ‘ಚೆನ್ನಾಗಿ ನೀರು ಕುಡಿಯಿರಿ’ ಅನ್ನುವ ಉಪದೇಶದಿಂದ ಯಾರಿಗೂ ಏನೂ ಆಗಿಲ್ಲ. ಲೆಕ್ಕ ಹೇಳಬೇಕು. ಬಿಸಿಲಲ್ಲಿ ದುಡಿಯುವವರಿಗೆ 20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ 250 ಮಿಲಿ. ಗಂಟೆಗೆ ಮುಕ್ಕಾಲು ಲೀಟರ್, ಎಂಟು ಗಂಟೆಗೆ ಆರು ಲೀಟರ್. ಹತ್ತು ಜನರ ಗ್ಯಾಂಗಿಗೆ 60 ಲೀಟರ್, 20 ಲೀಟರಿನ ಮೂರು ಕ್ಯಾನ್. ಕೆಲಸದ ಜಾಗದಲ್ಲಿ ಒಂದೇ ಕ್ಯಾನ್ ಕಂಡರೆ ಮೇಸ್ತ್ರಿಗೆ ಲೆಕ್ಕ ಗೊತ್ತಿಲ್ಲ ಅಥವಾ ಬೇಕಾಗಿಲ್ಲ ಎಂದೇ ಅರ್ಥ. ಕ್ಯಾನ್ ಕೆಲಸದ ಮಗ್ಗುಲಲ್ಲೇ ಇರಬೇಕು. ಇನ್ನೂರು ಹೆಜ್ಜೆ ದೂರ ಇಟ್ಟರೆ ಗುತ್ತಿಗೆ ಕೂಲಿಯವರು ಹೋಗುವುದಿಲ್ಲ, ಹೋದರೆ ಕೂಲಿ ಖೋತಾ. ಇನ್ನೊಂದು ತುದಿಯೂ ಇದೆ: ಗಂಟೆಗೆ ಒಂದೂವರೆ ಲೀಟರಿಗಿಂತ ಹೆಚ್ಚು ಬರೀ ನೀರನ್ನೇ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಕೊನೆಗೆ ಫಿಟ್ಸ್ ಬರುವುದುಂಟು. ಬೆವರಲ್ಲಿ ಉಪ್ಪೂ ಹೋಗಿರುತ್ತದಲ್ಲ. ನಡುನಡುವೆ ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ಕುಡಿಯುವುದು ಇದಕ್ಕೇ. ಹಿಂದಿನವರು ಅರವಟ್ಟಿಗೆ ಇಟ್ಟು ನೀರಿನ ಜೊತೆ ಮಜ್ಜಿಗೆ, ಪಾನಕ ಕೊಡುತ್ತಿದ್ದುದು ಬರೀ ಪುಣ್ಯಕ್ಕಲ್ಲ. ಯುಗಾದಿಗೆ ಮುಂಚೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರನ್ನು ನೋಡಿ: ನಸುಕಿನಲ್ಲಿ ನಡೆದು, ಮಧ್ಯಾಹ್ನ ಮರದಡಿ ಬಿದ್ದುಕೊಂಡು, ಬಿಸಿಲಿಳಿದ ಮೇಲೆ ಮತ್ತೆ ಹೆಜ್ಜೆ ಹಾಕುತ್ತಾರೆ, ದಾರಿಯುದ್ದಕ್ಕೂ ಭಕ್ತರ ಮಜ್ಜಿಗೆ, ಪಾನಕ. ಕಾರ್ಮಿಕ ಇಲಾಖೆ ಇದಕ್ಕಿಂತ ಒಳ್ಳೆಯ ವೇಳಾಪಟ್ಟಿ ಬರೆಯಲಾರದು.

ಓಆರ್‌ಎಸ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಆಗುವ ತಪ್ಪುಗಳಲ್ಲಿ ಅರ್ಧ ಇಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ದೊಡ್ಡ ಪೊಟ್ಟಣದಲ್ಲಿ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಶಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9, ಒಟ್ಟು 20.5 ಗ್ರಾಂ. ಇದು ಒಂದು ಲೀಟರ್ ನೀರಿಗೆ. ಒಂದು ಲೋಟಕ್ಕೆ ಅಲ್ಲ. ಪೊಟ್ಟಣ ಹರಿದು ಒಂದೇ ಲೋಟಕ್ಕೆ ಸುರಿದರೆ ಉಪ್ಪು ನಾಲ್ಕೈದು ಪಟ್ಟು ಗಟ್ಟಿಯಾಗಿ, ಹೊಟ್ಟೆಯಲ್ಲಿನ ನೀರನ್ನೂ ಎಳೆದುಕೊಂಡು ಮಗುವಿನ ಸ್ಥಿತಿ ಇನ್ನಷ್ಟು ಕೆಡುತ್ತದೆ. ರುಚಿ ಬರಲಿ ಅಂತ ಮೇಲೆ ಸಕ್ಕರೆ ಹಾಕುವುದೂ ತಪ್ಪು, ಬೇಧಿ ಹೆಚ್ಚುತ್ತದೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕಣ್ಣಳತೆ ಬೇಡ, ಚಮಚದ ತಲೆಯನ್ನು ಚಾಕುವಿನಿಂದ ಸವರಿ. ಕಲೆಸಿದ್ದು 24 ಗಂಟೆಗೆ ಮುಗಿಯಬೇಕು, ಮಿಕ್ಕಿದ್ದು ಚೆಲ್ಲಬೇಕು. ಅಂಗಡಿಯಲ್ಲಿ ಬಣ್ಣದ ಡಬ್ಬಿಯಲ್ಲಿ ಸಿಗುವ ಸಿಹಿ ಪೇಯ ಓಆರ್‌ಎಸ್ ಅಲ್ಲ. ಪೊಟ್ಟಣದ ಮೇಲೆ ಮೇಲಿನ ನಾಲ್ಕು ಹೆಸರು, ಅಳತೆ ಇದೆಯೇ ಓದಿ ನೋಡಿ. ಇನ್ನು ಹೃದಯ ಸೋತವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ನೀರು, ಉಪ್ಪು ಎರಡರ ಮಿತಿಯನ್ನೂ ಬೇಸಿಗೆ ಶುರುವಾಗುವ ಮುಂಚೆಯೇ ತಮ್ಮ ಡಾಕ್ಟರ ಹತ್ತಿರ ಬರೆಸಿಕೊಂಡು ಬರಬೇಕು. ಅವರಿಗೆ ಮೇಲಿನ ಲೆಕ್ಕ ನಡೆಯುವುದಿಲ್ಲ.

ನೀರು ಇದ್ದೂ ಕುಡಿಯದವರು ಯಾರು? ಹೆಣ್ಣುಮಕ್ಕಳು. ಮೆಣಸಿನಕಾಯಿ ಹೊಲದಲ್ಲಿ, ರಸ್ತೆ ಕೆಲಸದಲ್ಲಿ ಮರೆ ಇರುವುದಿಲ್ಲ. ಬೆಳಗ್ಗೆ ಐದಕ್ಕೆ ಹೋಗಿ ಬಂದವರು ಸಂಜೆ ಕತ್ತಲಾಗುವ ತನಕ ತಡೆಯಬೇಕು, ಅದಕ್ಕೆ ಕುಡಿಯುವುದನ್ನೇ ಬಿಡುತ್ತಾರೆ. ಉರಿಮೂತ್ರ, ಮೂತ್ರನಾಳದ ಸೋಂಕು ಆಮೇಲೆ ಬೆನ್ನು ಹತ್ತುತ್ತವೆ. ಗರ್ಭಿಣಿಯಾದರೆ ಅಪಾಯ ಇನ್ನೂ ದೊಡ್ಡದು: ತಮಿಳುನಾಡಿನಲ್ಲಿ 800 ಗರ್ಭಿಣಿಯರನ್ನು ಹಿಂಬಾಲಿಸಿ ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಸಿಯಲ್ಲಿ ದುಡಿಯುವವರಲ್ಲಿ ಗರ್ಭಪಾತ, ಸತ್ತ ಶಿಶು ಹುಟ್ಟುವ ಸಂಭವ ಎರಡರಷ್ಟು ಕಂಡಿತು. ಹಾಗಾಗಿ ಕೆಲಸದ ಜಾಗದಲ್ಲಿ ನಾಲ್ಕು ಗೂಟ ನೆಟ್ಟು ತಾಡಪತ್ರಿ ಕಟ್ಟಿದ ಒಂದು ಮರೆ, ಮೂರು ಕ್ಯಾನ್ ನೀರಿನಷ್ಟೇ ಆರೋಗ್ಯದ ಸಾಮಾನು.

ಹೊಸಬರ ಮೇಲೆ ಕಣ್ಣಿರಲಿ. ಬಿಸಿಲಿಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಆಗ ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿನ ಉಪ್ಪು ಕಡಿಮೆಯಾಗುತ್ತದೆ. ಹೊಸದಾಗಿ ಸೇರಿದವರಿಗೆ ಮೊದಲ ದಿನ ಪೂರ್ತಿ ಕೆಲಸದ ಶೇ 20, ಆಮೇಲೆ ದಿನಕ್ಕೆ ಶೇ 20ರಷ್ಟು ಏರಿಕೆ. ಹಳಬರು ಜ್ವರಕ್ಕೋ ಮದುವೆಗೋ ವಾರ ಬಿಟ್ಟು ಬಂದರೆ ಮೊದಲ ದಿನ ಅರ್ಧ, ನಾಲ್ಕನೇ ದಿನಕ್ಕೆ ಪೂರ್ತಿ. ‘ಈ ಮಣ್ಣಾಗ ಹುಟ್ಟಿದಾವ, ಅವಗೇನ್ ಆಗ್ತದ’ ಎಂಬ ಮಾತು ಬೇಡ. ಬೆಂಗಳೂರಲ್ಲಿ ಆರು ತಿಂಗಳು ಇದ್ದು ಬೇಸಿಗೆಗೆ ತಾಂಡಾಕ್ಕೆ ಮರಳಿದ ಹುಡುಗನ ಮೈಗೆ ಹುಟ್ಟಿದೂರಿನ ನೆನಪು ಇರುವುದಿಲ್ಲ.

ಇನ್ನು ಬಿಸಿಲು ಬಡಿದಾಗ ಏನು ಮಾಡಬೇಕು. ಈ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ತಲೆ ಸುತ್ತು, ಸುಸ್ತು, ವಾಕರಿಕೆ, ಮೀನಖಂಡ ಹಿಡಿದುಕೊಳ್ಳುವುದು, ಇವೆಲ್ಲ ಬಳಲಿಕೆ. ನೆರಳಿಗೆ ತಂದು, ಮಲಗಿಸಿ, ಕಾಲು ಎತ್ತರಿಸಿ, ಉಪ್ಪು-ಸಕ್ಕರೆ ನೀರು ಗುಟುಕು ಗುಟುಕಾಗಿ ಕೊಟ್ಟರೆ ಅರ್ಧ ಗಂಟೆಯಲ್ಲಿ ಚೇತರಿಕೆ ಕಾಣಬೇಕು. ಬಿಸಿಲಾಘಾತ ಬೇರೆ. ಅದರಲ್ಲಿ ಒಳಮೈ 40 ಡಿಗ್ರಿ ದಾಟಿ ಮೆದುಳು ಕೆಡಲು ಶುರುವಾಗಿರುತ್ತದೆ. ಎರಡರ ಗೆರೆ ಥರ್ಮಾಮೀಟರಿನಲ್ಲಿ ಹುಡುಕಬೇಡಿ, ಮಾತಿನಲ್ಲಿ ಹುಡುಕಿ. ಹೆಸರು ಕೇಳಿ, ಊರು ಕೇಳಿ, ಇವತ್ತು ಯಾವ ವಾರ ಕೇಳಿ. ಉತ್ತರ ತೊದಲಿದರೆ, ಅಸಂಬದ್ಧವಾದರೆ, ಜಗಳಕ್ಕೆ ಬಂದರೆ, ಕುಡಿದವರ ಹಾಗೆ ತೂರಾಡಿದರೆ ಅದು ಬಿಸಿಲಾಘಾತವೇ ಅಂದುಕೊಂಡು ಮುಂದುವರಿಯಿರಿ. ಕಂಕುಳಲ್ಲಿಟ್ಟ ಥರ್ಮಾಮೀಟರು ಒಳಮೈಗಿಂತ ಕಡಿಮೆ ತೋರಿಸುತ್ತದೆ, ಅದನ್ನು ನಂಬಿ ಮೋಸ ಹೋಗಬೇಡಿ. ‘ಬೆವರು ನಿಂತು ಚರ್ಮ ಒಣಗಿರಬೇಕು’ ಎಂಬುದೂ ಅರ್ಧ ಸತ್ಯ. ಮನೆಯೊಳಗೇ ಬಸವಳಿದ ಮುದುಕರಲ್ಲಿ ಚರ್ಮ ಒಣಗಿರುತ್ತದೆ, ನಿಜ. ದುಡಿಯುತ್ತಾ ಬಿದ್ದ ಯುವಕರು ಬೆವರಲ್ಲಿ ತೊಯ್ದೇ ಇರುತ್ತಾರೆ.

ಆಗ ಮಾಡಬೇಕಾದ್ದು: ಒಬ್ಬರು 108ಕ್ಕೆ ಫೋನ್ ಹಚ್ಚಬೇಕು, ಉಳಿದವರು ಆ ಕ್ಷಣವೇ ಮೈ ತಣ್ಣಗೆ ಮಾಡಲು ಶುರು ಹಚ್ಚಿಕೊಳ್ಳಬೇಕು. ಆಂಬುಲೆನ್ಸಿಗೆ ಕಾಯುತ್ತಾ ನಿಲ್ಲುವ 25 ನಿಮಿಷದಲ್ಲೇ ಜೀವ ಹೋಗುವುದು. ಮೊದಲ ಅರ್ಧ ಗಂಟೆಯೊಳಗೆ ಒಳಮೈ 39ಕ್ಕಿಂತ ಕೆಳಗಿಳಿದರೆ ಬದುಕುವ ಸಂಭವ ಹೆಚ್ಚು. ತಡವಾದಷ್ಟೂ ಲಿವರ್, ಕಿಡ್ನಿ, ಮೆದುಳು ಒಂದೊಂದಾಗಿ ಕೈಕೊಡುತ್ತವೆ. ಬಟ್ಟೆ ಸಡಿಲಿಸಿ ತೆಗೆಯಿರಿ. ಹೊಲದಲ್ಲಿ, ಕಟ್ಟಡದ ಹತ್ತಿರ ತಾಡಪತ್ರಿ ಇದ್ದೇ ಇರುತ್ತದೆ. ನೆರಳಲ್ಲಿ ಹಾಸಿ, ಬಿದ್ದವರನ್ನು ಅದರ ಮೇಲೆ ಮಲಗಿಸಿ, ನಾಲ್ಕು ಜನ ಅಂಚು ಎತ್ತಿ ತೊಟ್ಟಿಲಿನಂತೆ ಹಿಡಿಯಿರಿ. ಅದಕ್ಕೆ ನಾಲ್ಕೈದು ಕೊಡ ನೀರು, ಬರ್ಫ ಸಿಕ್ಕರೆ ಬರ್ಫ ಸುರಿಯಿರಿ. ಒಬ್ಬರು ತಲೆಯನ್ನು ನೀರಿನ ಮೇಲೆ ಹಿಡಿದಿರಬೇಕು, ಉಳಿದವರು ಅಂಚನ್ನು ಆ ಕಡೆ ಈ ಕಡೆ ತೂಗುತ್ತಾ ನೀರು ಮೈಮೇಲೆ ಆಡುವಂತೆ ಮಾಡಬೇಕು. ನಿಂತ ನೀರು ಮೈಸುತ್ತ ಬೆಚ್ಚಗಾಗಿ ಕೂತುಬಿಡುತ್ತದೆ, ಅದಕ್ಕೆ ತೂಗುವುದು.

ಅಷ್ಟು ನೀರಿಲ್ಲವೇ? ಇದ್ದ ನೀರನ್ನು ತಲೆಯಿಂದ ಕಾಲಿನ ತನಕ ಚಿಮುಕಿಸಿ, ರಟ್ಟಿನಿಂದ ಜೋರಾಗಿ ಗಾಳಿ ಹಾಕಿ. ಒಣ ಹವೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಒದ್ದೆ ಟುವಾಲು ಹೊದಿಸುವುದಾದರೆ ಎರಡು ಮೂರು ನಿಮಿಷಕ್ಕೊಮ್ಮೆ ತೆಗೆದು, ಮತ್ತೆ ತಣ್ಣೀರಲ್ಲಿ ಅದ್ದಿ ಹಾಕಬೇಕು. ಒದ್ದೆ ಚಾದರ ಸುತ್ತಿ ಹಾಗೇ ಬಿಟ್ಟರೆ ಅದು ಬೆಚ್ಚಗಿನ ಹೊದಿಕೆಯಾಗುತ್ತದೆ. ಕಂಕುಳು, ತೊಡೆಸಂದಿಗೆ ಬರ್ಫ ಇಡುವುದು ಜೊತೆಗೆ ನಡೆಯಲಿ, ಅದೊಂದೇ ಸಾಲದು. ಮೈ ನಡುಗಲು ಶುರುವಾಗಿ, ಪ್ರಜ್ಞೆ ತಿಳಿಯಾದರೆ ನಿಲ್ಲಿಸಿ. ಅಲ್ಲಿಯ ತನಕ, ಆಂಬುಲೆನ್ಸ್ ಬಂದ ಮೇಲೂ, ಒದ್ದೆ ಬಟ್ಟೆ, ಗಾಳಿ ನಿಲ್ಲಬಾರದು.

ಮಾಡಬಾರದ್ದು ಕೆಲವಿವೆ. ಎಚ್ಚರ ಇಲ್ಲದವರ ಬಾಯಿಗೆ ನೀರು ಬಿಡಬೇಡಿ, ಅದು ಪುಪ್ಪುಸಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಜ್ವರದ ಗುಳಿಗೆ ಬೇಡವೇ ಬೇಡ. ಪ್ಯಾರಾಸಿಟಮಾಲ್ ಕೆಲಸ ಮಾಡುವುದು ಸೋಂಕಿನಿಂದ ಮೆದುಳು ತಾನೇ ಏರಿಸಿಕೊಂಡ ಬಿಸಿಯ ಮೇಲೆ. ಇದು ಹೊರಗಿನ ಬಿಸಿ, ಗುಳಿಗೆಯಿಂದ ಇಳಿಯದು, ಮೊದಲೇ ಬೆಂದ ಲಿವರಿಗೆ ಇನ್ನಷ್ಟು ಭಾರ. ‘ಮೊದಲು ಒಂದು ಸಲಾಯಿನ್ ಹಚ್ಚಿಸೋಣ’ ಅಂತ ಓಣಿಯ ಕ್ಲಿನಿಕ್ಕಿನಲ್ಲಿ ಮುಕ್ಕಾಲು ಗಂಟೆ ಕಳೆಯುವುದು ನಮ್ಮ ಕಡೆಯ ದೊಡ್ಡ ರೋಗ. ಕೋಣೆಯ ಬಿಸಿಯಲ್ಲೇ ಇದ್ದ ಬಾಟಲಿ ಮೈಯನ್ನು ತಣಿಸುವುದಿಲ್ಲ. ಜೇಬಲ್ಲಿ ಉಳ್ಳಾಗಡ್ಡಿ ಇಟ್ಟುಕೊಳ್ಳುವ ರೂಢಿ ಇದೆಯಲ್ಲ, ಅದರಿಂದ ಕೆಡುಕಿಲ್ಲ, ಇಟ್ಟುಕೊಳ್ಳಿ. ಆದರೆ ಆಳು ಬಿದ್ದ ಮೇಲೆ ಉಳ್ಳಾಗಡ್ಡಿ ಜಜ್ಜಿ ಅಂಗಾಲಿಗೆ ತಿಕ್ಕುತ್ತಾ ಕೂರಬೇಡಿ, ಆ ಕೈಗಳು ನೀರು ಸುರಿಯಲಿ.

ಹೊರಗೆ ದುಡಿಯುವವರ ಪಾಡು ಕಣ್ಣಿಗೆ ಕಾಣುತ್ತದೆ. ಮನೆಯೊಳಗೆ ಸಾಯುವವರು ಕಾಣುವುದಿಲ್ಲ. ಇಲ್ಲಿ ಚಾವಣಿಯೇ ವೈರಿ, ಮತ್ತು ಒಂದೊಂದು ಚಾವಣಿಯ ಸ್ವಭಾವ ಒಂದೊಂದು. ಪತ್ರಾಸ್ ಮನೆ ಬಿಸಿಲೇರುತ್ತಿದ್ದಂತೆ ಕಾದು, ಮಧ್ಯಾಹ್ನ ಒಲೆಯಾಗುತ್ತದೆ. ಆದರೆ ತಗಡು ತೆಳ್ಳಗಿರುವುದರಿಂದ ಸೂರ್ಯ ಮುಳುಗಿದ ಮೇಲೆ ಬೇಗ ಆರುತ್ತದೆ. ಆರ್‌ಸಿಸಿ ಮನೆ ಉಲ್ಟಾ. ಹಗಲಿಡೀ ಕುಡಿದ ಬಿಸಿಯನ್ನು ಸ್ಲ್ಯಾಬು ರಾತ್ರಿ ಎಂಟರಿಂದ ನಡುರಾತ್ರಿಯ ತನಕ ಕೋಣೆಯೊಳಗೆ ಉಗುಳುತ್ತದೆ. ಹೀಗಾಗಿ ಪತ್ರಾಸ್ ಮನೆಯ ಮುದುಕರನ್ನು 11ರಿಂದ 5ರ ತನಕ ಗುಡಿಯ ಕಟ್ಟೆಗೋ ಬೇವಿನ ಮರದಡಿಗೋ ಕಳಿಸಬೇಕು. ಆರ್‌ಸಿಸಿ ಮನೆಯವರು ಸಂಜೆ ಮಾಳಿಗೆಗೆ ನೀರು ಚೆಲ್ಲಿ ರಾತ್ರಿ ಅಲ್ಲೇ ಮಲಗಬೇಕು. ಹಳೆಯ ಮೇಲ್ಮುದ್ದೆ ಮನೆಗಳ ದಪ್ಪ ಮಣ್ಣು ಎರಡೂ ಹೊತ್ತನ್ನು ಸಂಭಾಳಿಸುತ್ತಿತ್ತು. ಅದನ್ನು ಕೆಡವಿ ಪತ್ರಾಸ್ ಹಾಕಿದ್ದಕ್ಕೆ ನಾವು ಅಭಿವೃದ್ಧಿ ಅನ್ನುತ್ತೇವೆ.

ರಾತ್ರಿ ಮುಖ್ಯ. ಹಗಲು ಏರಿದ ಮೈಬಿಸಿ, ಬಡಿದುಕೊಂಡ ಹೃದಯ ಎರಡೂ ರಾತ್ರಿಯೇ ಸುಧಾರಿಸಿಕೊಳ್ಳಬೇಕು. ಎರಡು ಮೂರು ರಾತ್ರಿ ಆ ಬಿಡುವು ಸಿಗದಿದ್ದರೆ ನಾಲ್ಕನೇ ಹಗಲು 41 ಇದ್ದರೂ ಸಾಕು. ಹವಾಮಾನ ಇಲಾಖೆಯೂ ‘ವಾರ್ಮ್ ನೈಟ್’ ಎಂದು ಬೇರೆಯೇ ಎಚ್ಚರಿಕೆ ಕೊಡುತ್ತದೆ. ಹಗಲು 40 ದಾಟಿ, ರಾತ್ರಿಯ ಕನಿಷ್ಠ ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿದ್ದಾಗ. ಸುದ್ದಿಯಲ್ಲಿ ಅದನ್ನು ಯಾರೂ ಓದುವುದಿಲ್ಲ.

ಚಾವಣಿಗೆ ಬಿಳಿ ಬಳಿದರೆ ಒಳಗೆ 2ರಿಂದ 5 ಡಿಗ್ರಿ ಇಳಿಯುತ್ತದೆ. ತೆಲಂಗಾಣ 2023ರಲ್ಲಿ ಇದಕ್ಕಾಗಿಯೇ ಒಂದು ನೀತಿ ತಂದಿತು. ಆರ್‌ಸಿಸಿಗೆ ಸುಣ್ಣ ಸಾಕು: ಅರಳಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ ಮಜ್ಜಿಗೆಯ ಹದಕ್ಕೆ ಕಲೆಸಿ, ಹಿಡಿತಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ, ಮಾಳಿಗೆ ತೊಳೆದು ಒದ್ದೆ ಇರುವಾಗಲೇ ಸಂಜೆ ಹೊತ್ತು ತೆಳ್ಳಗೆ ಎರಡು ಮೂರು ಕೈ ಬಳಿಯಬೇಕು. ದಪ್ಪಗೆ ಒಂದೇ ಕೈ ಬಳಿದರೆ ಒಣಗಿ ಹಕ್ಕಳೆ ಏಳುತ್ತದೆ. ಶಿವರಾತ್ರಿಯ ಸುಮಾರಿಗೆ ಬಳಿದರೆ ಮಳೆಗಾಲದ ತನಕ ಬಾಳುತ್ತದೆ, ನಡುವೆ ಧೂಳು ಕೂತಾಗ ಗುಡಿಸಬೇಕು. ಕಣ್ಣಿಗೆ ಸುಣ್ಣ ಸಿಡಿಯದಂತೆ ಕನ್ನಡಕ ಬೇಕೇ ಬೇಕು. ತಗಡಿಗೆ ಸುಣ್ಣ ಹಿಡಿಯದು, ಬಿಸಿಗೆ ಹಿಗ್ಗಿ ಕುಗ್ಗುವಾಗ ಉದುರುತ್ತದೆ; ತುಕ್ಕು ತಿಕ್ಕಿ ಪ್ರೈಮರ್ ಹಚ್ಚಿ ಬಿಳಿ ಪೇಂಟ್ ಹೊಡೆಯಬೇಕು. ಸಿಮೆಂಟ್ ಶೀಟನ್ನು, ಅಂದರೆ ಆಸ್‌ಬೆಸ್ಟಾಸನ್ನು, ಒಣಗಿದ್ದಾಗ ತಂತಿ ಬ್ರಷ್ಷಿನಿಂದ ತಿಕ್ಕಬೇಡಿ, ಆ ಧೂಳು ಪುಪ್ಪುಸಕ್ಕೆ ವಿಷ. ಅದರ ಮೇಲೆ ನೇರ ಕಾಲಿಡಲೂ ಬೇಡಿ, ಮುರಿದು ಕೆಳಗೆ ಬೀಳುತ್ತೀರಿ. ಕೆಳಗಿನ ತೊಲೆಗೆ ಅಡ್ಡಲಾಗಿ ಹಲಗೆ ಹಾಕಿ, ಅದರ ಮೇಲೆ ನಿಲ್ಲಿ.

ಫ್ಯಾನು 40ರ ಮೇಲೆ ಒಣ ಮೈಗೆ ಬಿಸಿಗಾಳಿಯನ್ನೇ ಊದುತ್ತದೆ. ವಯಸ್ಸಾದವರಿಗೆ ಬೆವರೂ ಕಡಿಮೆ, ಹಾಗಾಗಿ ಅಂಗಿ ಒದ್ದೆ ಮಾಡಿಕೊಂಡು ಫ್ಯಾನಿನಡಿ ಕೂರಬೇಕು. ಕೂಲರ್ ಕಲಬುರಗಿಗೆ ಹೇಳಿ ಮಾಡಿಸಿದ ಯಂತ್ರ, ಮಂಗಳೂರಿಗೆ ದಂಡ. ಆದರೆ ಕೂಲರ್ ಹಚ್ಚಿ ಬಾಗಿಲು ಕಿಟಕಿ ಎಲ್ಲ ಮುಚ್ಚಿದರೆ ಒಂದು ಗಂಟೆಯಲ್ಲಿ ಕೋಣೆಯೊಳಗೇ ಮಂಗಳೂರು ತಯಾರಾಗುತ್ತದೆ. ಎದುರುಗಡೆಯ ಕಿಟಕಿ ತುಸು ತೆರೆದಿರಲಿ. ವಾರಕ್ಕೊಮ್ಮೆ ಟ್ಯಾಂಕ್ ಬರಿದು ಮಾಡಿ ಒಣಗಿಸಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆ. ತಗಡಿನ ಕೂಲರಿಗೆ ಅರ್ಥಿಂಗ್ ಇಲ್ಲದೆ ನೀರು ತುಂಬಬೇಡಿ, ತುಂಬುವಾಗ ಪ್ಲಗ್ ಕಿತ್ತಿಡಿ.

ದಿನಾ ಗುಳಿಗೆ ನುಂಗುವವರು ಬೇಸಿಗೆಯಲ್ಲಿ ಒಮ್ಮೆ ಡಾಕ್ಟರಿಗೆ ತೋರಿಸಬೇಕು. ನೀರಿಳಿಸುವ ಗುಳಿಗೆ ಮೈಯ ನೀರು ತೆಗೆಯುತ್ತದೆ, ಕೆಲವು ಬಿಪಿ ಗುಳಿಗೆ ಬಿಸಿಲಲ್ಲಿ ಬಿಪಿಯನ್ನು ತೀರಾ ಇಳಿಸುತ್ತವೆ, ಮಾನಸಿಕ ಕಾಯಿಲೆಯ ಹಲವು ಔಷಧಿ ಬೆವರನ್ನೇ ತಡೆಯುತ್ತವೆ, ಮೈ ಒಣಗಿದರೆ ಅದೇ ಕಾಯಿಲೆಗೆ ಕೊಡುವ ಲಿಥಿಯಂ ರಕ್ತದಲ್ಲಿ ವಿಷದ ಮಟ್ಟಕ್ಕೆ ಏರುತ್ತದೆ. ತಾವೇ ನಿಲ್ಲಿಸಬಾರದು, ಪ್ರಮಾಣ ಬದಲಿಸಬೇಕೇ ಎಂದು ಕೇಳಬೇಕು. ಇನ್ಸುಲಿನ್‌ಗೆ ಫ್ರಿಜ್ ಇಲ್ಲದಿದ್ದರೆ ದೊಡ್ಡ ಕುಂಡದೊಳಗೆ ಸಣ್ಣ ಗಡಿಗೆ, ನಡುವೆ ಒದ್ದೆ ಮರಳು, ಬಾಯಿಗೆ ಒದ್ದೆ ಬಟ್ಟೆ; ಬಾಟಲಿಯನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಒಳಗಿಡಿ, ನೆರಳಲ್ಲಿ ಗಾಳಿ ಬರುವ ಕಡೆ. ದಿನಕ್ಕೆ ಎರಡು ಸಲ ಮರಳಿಗೆ ನೀರು. ಮೇಲೆ ಹೇಳಿದ ವೆಟ್ ಬಲ್ಬ್ 24ರ ಲೆಕ್ಕವೇ ಇಲ್ಲಿ ನಮ್ಮ ಪರವಾಗಿ ದುಡಿಯುತ್ತದೆ. ಬರ್ಫಕ್ಕೆ ತಾಗಿಸಿ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಂತೆಯೇ.

ಸರ್ಕಾರದ ಕಡೆಯಿಂದ ಏನೂ ಇಲ್ಲ ಅನ್ನಲಾಗದು. 2025ರಲ್ಲೂ ಏಪ್ರಿಲ್, ಮೇ ತಿಂಗಳು ಕಲಬುರಗಿ ವಿಭಾಗದ ಏಳು ಜಿಲ್ಲೆ, ಜೊತೆಗೆ ವಿಜಯಪುರ, ಬಾಗಲಕೋಟೆಯ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ನಡೆದವು. ಒಳ್ಳೆಯದೇ. ಆದರೆ ಫ್ಯಾನಿನಡಿ ಕೂರುವ ಗುಮಾಸ್ತರಿಗೆ ಸಿಕ್ಕ ವೇಳೆ ಬದಲಾವಣೆ ರಸ್ತೆಗೆ ಡಾಂಬರು ಹಾಕುವವರಿಗೂ ಸಿಗಬೇಕಲ್ಲ.

ಸತ್ತವರ ಲೆಕ್ಕದ್ದು ಇನ್ನೊಂದು ಕಥೆ. ಅಹಮದಾಬಾದಿನಲ್ಲಿ 2010ರ ಮೇ 21ರಂದು 46.8 ಡಿಗ್ರಿ ಮುಟ್ಟಿತು. ಆ ತಿಂಗಳ ಎಲ್ಲ ಸಾವುಗಳನ್ನು ಹಿಂದಿನ ವರ್ಷಗಳ ಜೊತೆ ಹೋಲಿಸಿದಾಗ 1,344 ಸಾವು ಹೆಚ್ಚಿಗೆ ಕಂಡವು. ಆಘಾತಗೊಂಡ ನಗರ 2013ರಲ್ಲಿ ದಕ್ಷಿಣ ಏಷ್ಯಾದ ಮೊದಲ ಬಿಸಿಲು ಕ್ರಿಯಾ ಯೋಜನೆ ಮಾಡಿತು. ಲೆಕ್ಕ ಹಾಕಿದ್ದರಿಂದ ಕಂಡಿತು. ನಮ್ಮಲ್ಲಿ ಚೀಟಿಯ ಮೇಲೆ ‘ಹೃದಯಾಘಾತ’ ಎಂದು ಬರೆದರೆ ಮುಗಿಯಿತು, ಯಾಕೆಂದರೆ ಬಿಸಿಲು ಹೆಣದ ಮೇಲೆ ಗುರುತು ಬಿಡುವುದಿಲ್ಲ. ಆಸ್ಪತ್ರೆಗೆ ತಂದ ಕೂಡಲೇ ಗುದದ ಉಷ್ಣಾಂಶ ಅಳೆದು, ಹೊತ್ತು ಸಮೇತ ಬರೆದಿದ್ದರೆ ಮಾತ್ರ ಆಮೇಲೆ ಹೇಳಲು ಆಧಾರ. ಹತ್ತಿರದವರು ಅದನ್ನು ಕೇಳಿ ಬರೆಸಬೇಕು, ಎಲ್ಲಿ, ಎಷ್ಟು ಹೊತ್ತಿಗೆ, ಏನು ಮಾಡುವಾಗ ಬಿದ್ದರು ಎಂಬುದನ್ನೂ. ಪರಿಹಾರಕ್ಕೂ ಅದೇ ಬೇಕು. 2021–26ರ ಅವಧಿಯ ಕೇಂದ್ರದ ವಿಪತ್ತು ಪಟ್ಟಿಯಲ್ಲಿ ಶೀತಗಾಳಿ ಇತ್ತು, ಬಿಸಿಗಾಳಿ ಇರಲಿಲ್ಲ. ರಾಜ್ಯಗಳು ತಮ್ಮ ವಿಪತ್ತು ನಿಧಿಯ ಶೇ 10ರೊಳಗೆ ತಾವೇ ಘೋಷಿಸಿಕೊಂಡು ಕೊಡಬೇಕಿತ್ತು; ತೆಲಂಗಾಣ 2025ರಲ್ಲಿ ಹಾಗೆ ಘೋಷಿಸಿ ಸತ್ತವರ ಕುಟುಂಬಕ್ಕೆ 4 ಲಕ್ಷ ರೂಪಾಯಿ ನಿಗದಿ ಮಾಡಿತು.

ಇಷ್ಟೆಲ್ಲದರ ನಡುವೆ ಊರೊಳಗೆ ಓಡಾಡುವ ಆಶಾ ಕಾರ್ಯಕರ್ತೆಗೆ ಒಂದು ಸಲಹೆ. ಒಬ್ಬರೇ ಇರುವ ವಯಸ್ಸಾದವರ ಪಟ್ಟಿ ಮಾಡಿಕೊಂಡು, 42 ದಾಟಿದ ದಿನ ಸಂಜೆ ಐದರ ಮೇಲೆ ಆ ಮನೆಗಳ ಬಾಗಿಲು ತಟ್ಟಬೇಕು. ‘ಆರಾಮ ಇದ್ದೀರೇನ್ರಿ’ ಅಂತ ಕೇಳಿದರೆ ‘ಆರಾಮ ಇದ್ದೀನವ್ವ’ ಅಂತಲೇ ಬರುತ್ತದೆ ಉತ್ತರ. ಅದರ ಬದಲು, ‘ಆಯಿ, ಮುಂಜಾನಿಂದ ಎಷ್ಟ್ ಸಲ ಒಂದಕ್ಕ ಹೋಗಿ ಬಂದ್ರಿ? ಬಣ್ಣ ಹ್ಯಾಂಗಿತ್ತು?’ ಅಂತ ಕೇಳಬೇಕು. ಮೂರು ನಾಲ್ಕು ಸಲ, ತಿಳಿ ಹಳದಿ ಅಂದರೆ ಸರಿ. ‘ಹೋಗೇ ಇಲ್ಲವ್ವ’ ಅಂದರೆ, ಅಥವಾ ಕಡಕ್ ಚಹಾದ ಬಣ್ಣ ಅಂದರೆ, ಅಲ್ಲೇ ಕೂತು ಒಂದು ಲೀಟರ್ ಓಆರ್‌ಎಸ್ ಕಲೆಸಿ, ಮೊದಲ ಎರಡು ಲೋಟ ಕಣ್ಣೆದುರೇ ಕುಡಿಸಿ, ಸೆರಗು ಒದ್ದೆ ಮಾಡಿ ಮೈಮೇಲೆ ಹಾಕಿ, ಒಂದು ಗಂಟೆ ಬಿಟ್ಟು ಮತ್ತೆ ಅದೇ ಬಾಗಿಲು ತಟ್ಟಬೇಕು.